ಎಪ್ಪತ್ತೋ ಎಂಬತ್ತೋ

ಬೆಳಿಗ್ಗೆ ಹದಿನಾರು ಗುಳಿಗೆ, ಮೇಲೊಂದು ಕೊಸರು
ವಾಂತಿ ಆಗದಿರಲೆಂದು.
ನಾನೂ ಹೀಗೇ ಕೊಡುತ್ತಿದ್ದೆ, ನೂರು ಬಂಗಡೆಗೆ ಐದು,
ಗಿರಾಕಿಯ ಮುಖ ನೋಡಿ.
ರೊಜಾರಿಯಾ ಸಿಸ್ಟರ್ ಮುಖ ನೋಡುವುದಿಲ್ಲ,
ಗಂಟಲು ನೋಡುತ್ತಾಳೆ, ಇಳಿಯಿತೋ ಇಲ್ಲವೋ.

ಕಾರವಾರದ ಈ ವಾರ್ಡಿಗೆ ಕಿಟಕಿ ಹನ್ನೊಂದು.
ಗಾಳಿ ಆಡಲೆಂದು ಒಂದನ್ನೂ ಮುಚ್ಚುವಂತಿಲ್ಲ.
ಗಾಳಿಮರದ ಸಾಲು, ರಸ್ತೆ, ಅದರಾಚೆ ಸಮುದ್ರ,
ಪರಿಚಯದ ಗಿರಾಕಿ ಬೇರೆಯವಳ ಬುಟ್ಟಿಗೆ ಹೋಗುವಾಗ
ಕಂಡೂ ಕಾಣದಂತಿರುವ ಹಾಗೆ.

ಮೊದಲು ಹೋದದ್ದು ನಾಲಿಗೆ.
ಗಂಜಿ ಕುಡಿದರೆ ಲಂಗರಿನ ಸರಪಳಿ ನೆಕ್ಕಿದಂತೆ.
ಉಚ್ಚೆ ಅಬ್ಬಲಿ ಹೂವಿನ ಬಣ್ಣ.
ಹೆದರಬೇಡಿ ಅಂದರು ಡಾಕ್ಟರು, ಹೆದರಲಿಲ್ಲ;
ಅಬ್ಬಲಿಗೆ ಯಾರು ಹೆದರುತ್ತಾರೆ?
ಆಮೇಲೆ ಮೂಗು ತಿರುಗಿಬಿತ್ತು.
ಶಾಲು ವೈನಿ ಮಾರ್ಕೆಟ್ಟು ಮುಗಿಸಿ ನೇರ ಬಂದಿದ್ದಳು,
ಮೊಣಕೈಯಲ್ಲಿ ತಾರ್ಲೆಯ ಪೊರೆಯೊಂದು ಮಿನುಗುತ್ತ.
ಇಪ್ಪತ್ತೆಂಟು ವರ್ಷ ಅನ್ನ ಕೊಟ್ಟ ವಾಸನೆ.
ಬಕೆಟ್ಟು ಕೈಗೆ ಸಿಗುವ ಮೊದಲೇ ಕಾರಿದೆ
ಅವಳ ಚಪ್ಪಲಿಯ ಮೇಲೆ.
ಅವಳೇನೂ ಅನ್ನಲಿಲ್ಲ. ಮರುದಿನದಿಂದ
ಲಿಂಬೆ ಉಜ್ಜಿ ಮಿಂದು, ಸೀರೆ ಬದಲಿಸಿ,
ಯಾರದೋ ಮದುವೆಗೆ ಬಂದವಳಂತೆ ಬಾಗಿಲಲ್ಲೇ ನಿಲ್ಲುತ್ತಾಳೆ:
ಬರಲಾ?

ಪಕ್ಕದ ಹಾಸಿಗೆ ಡೋಲ್ಕರ್, ಮುಂಡಗೋಡ ಕ್ಯಾಂಪಿನವಳು.
ಗುಳಿಗೆಗೆ ಅವಳ ಮೈ ತಾಮ್ರದ ಹಂಡೆಯಾಗಿದೆ;
ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದಾಳೆ.
ನಾನು ಅವಳಿಗೆ ಕೊಟ್ಟದ್ದು ಒಣ ಮುರುಗಲ ಸಿಪ್ಪೆ:
ದವಡೆಯಲ್ಲಿಟ್ಟುಕೋ, ಹೊಟ್ಟೆ ಮೇಲೆ ಬರುವುದಿಲ್ಲ.
ಅವಳು ಕಲಿಸಿದ್ದು: ಪಾದ ಉರಿಯುವ ರಾತ್ರಿ
ಗ್ಲುಕೋಸ್ ಬಾಟಲಿಗೆ ತಣ್ಣೀರು ತುಂಬಿ
ಅಂಗಾಲಡಿ ಉರುಳಿಸುವುದು.
ಎರಡು ಗಂಟೆಗೆ ಇಬ್ಬರೂ ಕೂತು ಉರುಳಿಸುತ್ತೇವೆ,
ಉಣ್ಣುವವರಿಲ್ಲದ ಮನೆಯಲ್ಲಿ
ರೊಟ್ಟಿ ಲಟ್ಟಿಸುವವರ ಹಾಗೆ.

ಮತ್ತೆ ಕಿವಿ.
ಸೂಜಿ ತೊಂಬತ್ತು ದಾಟಿದ ಮೇಲೆ ಗುಂಯ್ ಶುರುವಾಯಿತು.
ಸಮುದ್ರ ಅಂದುಕೊಂಡೆ. ಕಿಟಕಿ ಹನ್ನೊಂದಲ್ಲವೇ.
ಮಳೆಗಾಲ ಮುಗಿದು ನೀರು ಎಣ್ಣೆಯಂತೆ ಮಲಗಿದ ದಿನವೂ
ಅದು ಮೊರೆಯುತ್ತಲೇ ಇತ್ತು. ಆಗ ಹೇಳಿದೆ.

ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರು.
ಕಿವಿಗೆ ಎರಡು ಚಿಪ್ಪು. ಸದ್ದು ಕೇಳಿದರೆ ಬೆರಳೆತ್ತಿ, ಅಂದ ಹುಡುಗ.
ಬೆರಳೆತ್ತುವುದನ್ನು ನನಗೆ ಹೇಳಿಕೊಡುತ್ತಾನೆ!
ಬೈತಕೋಲದ ಧಕ್ಕೆಯಲ್ಲಿ, ಸವಾಲಿನ ಹೊತ್ತು,
ನನ್ನ ಬೆರಳೆದ್ದರೆ ಗೋವಾದ ಲಾರಿಯವರು ಹಿಂದೆ ಸರಿಯುತ್ತಿದ್ದರು.
ಎತ್ತಿದೆ. ಮತ್ತೆ ಎತ್ತಿದೆ.
ಹುಡುಗ ಗಾಜಿನಾಚೆ ತಲೆ ಆಡಿಸುತ್ತಿದ್ದ, ಅಡ್ಡಡ್ಡ.
ಅಲ್ಲಿ ಮೀನೇ ಇರಲಿಲ್ಲ. ಖಾಲಿ ಬುಟ್ಟಿಗೆ
ನಾನೊಬ್ಬಳೇ ಸವಾಲು ಏರಿಸುತ್ತಿದ್ದೆ.

ಸೂಜಿ ನಿಲ್ಲಿಸಿದ್ದಾರೆ. ಹೋದದ್ದು ಬರುವುದಿಲ್ಲವಂತೆ.
ಬರೆದು ತೋರಿಸಿದರು ಡಾಕ್ಟರು,
ನನಗೆ ಓದು ಬಾರದೆಂದು ಮರೆತು.
ವೈನಿ ಕೈಯಲ್ಲಿ ಅಳೆದು ಹೇಳಿದಳು:
ಜೀವ ಇಷ್ಟು, ಕಿವಿ ಇಷ್ಟು.
ಲೆಕ್ಕವೇನೋ ಸರಿ. ಆದರೂ ಎರಡು ದಿನ
ಗೋಡೆ ಕಡೆ ತಿರುಗಿ ಮಲಗಿದೆ, ಡೋಲ್ಕರಳ ಕನ್ನಡಿಯ ಹಾಗೆ.

ಮೂರನೆಯ ದಿನ ಅವಳೇ ಎಬ್ಬಿಸಿದಳು.
ಗುಳಿಗೆಯ ಖಾಲಿ ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿದ್ದಳು,
ಥೇಟು ತಾರ್ಲೆಯ ಹೊಳಪು.
ಎಷ್ಟು, ಎಂದು ತುಟಿ ಮಾತ್ರ ಅಲ್ಲಾಡಿಸಿದಳು.
ನೂರು, ಅಂದೆ.
ಅವಳ ತುಟಿ ಕೂಡಿ ಬಿಟ್ಟಿತು.
ಎಪ್ಪತ್ತೋ, ಎಂಬತ್ತೋ?
ಮತ್ತೆ ಮತ್ತೆ ಹೇಳಿಸಿದೆ. ಸಿಸ್ಟರನ್ನೂ ಕರೆದು ಹೇಳಿಸಿದೆ.
ಎರಡಕ್ಕೂ ತುಟಿ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯುತ್ತದೆ.

ಹಾಗಾದರೆ ಸರಿ.
ಮೂಗು ಒಪ್ಪಿ ನಾನು ಮತ್ತೆ ಬುಟ್ಟಿಯ ಮುಂದೆ ಕೂತ ದಿನ
ಗಿರಾಕಿಗಳೇ, ನೀವು ಎಪ್ಪತ್ತೆನ್ನಿ.
ನನಗೆ ಎಂಬತ್ತೆಂದೇ ಕಾಣುತ್ತದೆ.